ಗುಡೆನ್‌ಡಾಗ್ ಎಂಬ ಕೋಲು ಎಷ್ಟು ಗೆದ್ದಿತು? 1302ರ ಕೋರ್ಟ್ರೈಕ್ ಕಾಳಗ: ಒಂದು ಪ್ರಕರಣ ಅಧ್ಯಯನ

1302ರ ಜುಲೈ 11, ಬುಧವಾರ. ಈಗಿನ ಬೆಲ್ಜಿಯಂನಲ್ಲಿರುವ ಕೋರ್ಟ್ರೈಕ್ ಊರಿನ ಗೋಡೆಯ ಹೊರಗೆ, ಗ್ರೂನಿಂಗೆ ಎಂಬ ಬಯಲಿನಲ್ಲಿ ಫ್ರಾನ್ಸ್ ದೊರೆಯ ಕುದುರೆ ಸೈನ್ಯ ಕಾಲಾಳುಗಳ ಕೈಯಲ್ಲಿ ಸೋತಿತು. ಸೋಲು ಎಂದರೆ ಅಂತಿಂಥ ಸೋಲಲ್ಲ. ದಂಡನಾಯಕನಾಗಿದ್ದ ಆರ್ತ್ವಾದ ಕೌಂಟ್ ಎರಡನೇ ರಾಬರ್ಟ್ ಸತ್ತ. ಫ್ರಾನ್ಸಿನ ಕಾನ್‌ಸ್ಟೇಬಲ್ ರಾವುಲ್ ದ ನೆಲ್ ಸತ್ತ. (ಪೊಲೀಸ್ ಪೇದೆ ಅಂದುಕೊಳ್ಳಬೇಡಿ. ಆ ಕಾಲದ ಫ್ರಾನ್ಸಿನಲ್ಲಿ ಸೇನೆಯ ಮಟ್ಟಿಗೆ ದೊರೆಯ ನಂತರದ ಹುದ್ದೆ ಅದು.) ಇಬ್ಬರು ಮಾರ್ಷಲ್‌ಗಳು ಸತ್ತರು. ದೊರೆಯ ರಾಜಮುದ್ರೆ ನೋಡಿಕೊಳ್ಳುತ್ತಿದ್ದ ಪಿಯೆರ್ ಫ್ಲಾಟ್ ಕೂಡ ಅಲ್ಲೇ ಹೆಣವಾದ. ಸಾವಿರಕ್ಕೂ ಜಾಸ್ತಿ ನೈಟ್‌ಗಳು (ಕವಚ ತೊಟ್ಟ ಕುಲೀನ ಸವಾರರು), ಸಾಮಂತರು ಒಂದೇ ಮಧ್ಯಾಹ್ನದಲ್ಲಿ ಹೋದರು.

ಎದುರಿಗಿದ್ದವರು ನೇಕಾರರು, ಬಟ್ಟೆ ತುಳಿದು ಹದ ಮಾಡುವವರು, ಮಾಂಸ ಮಾರುವವರು, ಕರಾವಳಿಯ ರೈತರು. ಅವರಲ್ಲಿ ಬಹಳಷ್ಟು ಜನರ ಕೈಯಲ್ಲಿ ಇದ್ದದ್ದು ಒಂದು ದಪ್ಪ ಕೋಲು. ಹೆಸರು ಗುಡೆನ್‌ಡಾಗ್.

ಈ ಕಾಳಗದ ಬಗ್ಗೆ ಎರಡು ಕಥೆ ಓಡಾಡುತ್ತವೆ. ಒಂದು, ಬಡವರ ಕೋಲು ಶ್ರೀಮಂತರ ಕವಚವನ್ನು ಮುರಿಯಿತು ಎನ್ನುವುದು. ಇನ್ನೊಂದು ಸೋತವರ ಕಡೆಯದು. ಆಯುಧಗೀಯುಧ ಏನಿಲ್ಲ, ನಮ್ಮ ಕುದುರೆಗಳು ಕಂದಕದಲ್ಲಿ ಬಿದ್ದವು, ಇಲ್ಲದಿದ್ದರೆ ನೋಡಿಕೊಳ್ಳುತ್ತಿದ್ದೆವು ಎನ್ನುವುದು. ಎರಡರಲ್ಲೂ ಸ್ವಲ್ಪ ಸತ್ಯ ಇದೆ, ಎರಡೂ ಪೂರ್ತಿ ನಿಜ ಅಲ್ಲ. ಆ ದಿನ ಕೋಲಿನ ಪಾಲು ಎಷ್ಟು ಅಂತ ಕೇಳುವುದು ಈ ಬರಹದ ಕೆಲಸ.

ಜಗಳ ಹುಟ್ಟಿದ್ದು ಹೇಗೆ

ಕೋರ್ಟ್ರೈಕ್ ಇದ್ದ ಫ್ಲಾಂಡರ್ಸ್ ಆಗ ಫ್ರಾನ್ಸ್ ದೊರೆಗೆ ಸೇರಿದ ಒಂದು ಕೌಂಟಿ, ಅಂದರೆ ಕೌಂಟ್ ಎಂಬ ಸಾಮಂತ ಆಳುವ ಸೀಮೆ. ಆದರೆ ಅದರ ಅನ್ನ ಇದ್ದದ್ದು ಇಂಗ್ಲೆಂಡಿನ ಉಣ್ಣೆಯಲ್ಲಿ. ಗೆಂಟ್, ಬ್ರೂಜ್, ಈಪ್ರೆ ಪಟ್ಟಣಗಳು ಆ ಉಣ್ಣೆಯಿಂದ ಬಟ್ಟೆ ನೇಯ್ದು ಯುರೋಪಿಗೆಲ್ಲ ಮಾರುತ್ತಿದ್ದವು. ಫ್ರಾನ್ಸ್ ಮತ್ತು ಇಂಗ್ಲೆಂಡ್ ಕಿತ್ತಾಡಿದಾಗ ಫ್ಲಾಂಡರ್ಸ್‌ನ ಕೌಂಟ್ ಗೀ ದ ದಾಂಪಿಯೆರ್ ಇಂಗ್ಲೆಂಡಿನ ಕಡೆ ವಾಲಿದ. ನಾಲ್ಕನೇ ಫಿಲಿಪ್ ದೊರೆ ಸುಮ್ಮನೆ ಬಿಡಲಿಲ್ಲ. 1300ರ ಹೊತ್ತಿಗೆ ಕೌಂಟ್ ಸೆರೆಮನೆಯಲ್ಲಿದ್ದ, ಫ್ಲಾಂಡರ್ಸ್ ಫಿಲಿಪ್‌ನ ಕೈಯಲ್ಲಿತ್ತು. ಅಲ್ಲಿ ಆಡಳಿತ ನಡೆಸಲು ಬಂದವನು ಜಾಕ್ ದ ಶಾತಿಯಾಂ.

ಊರೊಳಗೂ ಒಂದು ಜಗಳ ಇತ್ತು. ಪಟ್ಟಣಗಳ ಆಡಳಿತ ಕೆಲವೇ ಶ್ರೀಮಂತ ಮನೆತನಗಳ ಹಿಡಿತದಲ್ಲಿತ್ತು. ಕಸುಬುದಾರರಿಗೆ ತೆರಿಗೆ ಕಟ್ಟುವ ಹಕ್ಕು ಮಾತ್ರ, ಕೇಳುವ ಹಕ್ಕು ಇಲ್ಲ. 1301ರಲ್ಲಿ ದೊರೆ ಬ್ರೂಜ್‌ಗೆ ಬಂದ. ಭಾರೀ ಸ್ವಾಗತ ಆಯಿತು. ಆಮೇಲೆ ಅದರ ಬಿಲ್ಲು ಯಾರು ಕಟ್ಟಬೇಕು ಎಂದು ಗಲಾಟೆ ಶುರುವಾಯಿತು. ಸ್ವಾಗತಕ್ಕೆ ಆದ ಖರ್ಚನ್ನು ಕಸುಬುದಾರರ ಮೇಲೆ ಹೇರಲು ಹೋದಾಗ ಎದ್ದು ನಿಂತವನು ಪೀಟರ್ ದ ಕೋನಿಂಕ್ ಎಂಬ ನೇಕಾರ. ಕುಳ್ಳ, ಒಕ್ಕಣ್ಣ, ದುಡ್ಡಿಲ್ಲದವನು. ಆದರೆ ಮಾತಿಗೆ ನಿಂತರೆ ಇಡೀ ಸಂತೆ ನಿಲ್ಲುತ್ತಿತ್ತಂತೆ. ಅವನನ್ನು ಜೈಲಿಗೆ ಹಾಕಿದರು, ಜನ ಬಿಡಿಸಿಕೊಂಡು ಬಂದರು.

1302ರ ಮೇ 18ರ ಬೆಳಗಿನ ಜಾವ ಬ್ರೂಜ್‌ನಲ್ಲಿ ತಂಗಿದ್ದ ಫ್ರೆಂಚ್ ಸೈನಿಕರನ್ನು ದಂಗೆಕೋರರು ಹುಡುಕಿ ಹುಡುಕಿ ಕೊಂದರು. ಶಾತಿಯಾಂ ತಪ್ಪಿಸಿಕೊಂಡ. ಇನ್ನು ದೊರೆ ಸೈನ್ಯ ಕಳಿಸದೆ ಇರುವ ಹಾಗಿರಲಿಲ್ಲ.

ಕೋಲು ಹೇಗಿತ್ತು

ಗುಡೆನ್‌ಡಾಗ್ ನೋಡಲು ಬಹಳ ಸರಳ. ಒಂದು ಗಟ್ಟಿ ಮರದ ಕೋಲು. ಉದ್ದ ಒಂದು ಮೀಟರಿನಿಂದ ಆಳೆತ್ತರದವರೆಗೆ. ಕೆಳಗೆ ಕೈಗೆ ಸಿಗುವಷ್ಟು ಸಣ್ಣ, ಮೇಲೆ ಹೋದಂತೆ ದಪ್ಪ. ತುದಿಗೆ ಕಬ್ಬಿಣದ ಬಳೆ, ಅದರ ನಡುವಿನಿಂದ ಹೊರಗೆ ಚಾಚಿದ ಒಂದು ಚೂಪು ಮೊಳೆ. ಭತ್ತ ಕುಟ್ಟುವ ಒನಕೆಯ ಅಣಸಿನ ಕಡೆಯಿಂದ ಒಂದು ದಪ್ಪ ಮೊಳೆ ಹೊರಬಂದಿದೆ ಅಂದುಕೊಳ್ಳಿ. ಹೆಚ್ಚುಕಮ್ಮಿ ಅದೇ. (ಒನಕೆ ಅಂದ ಕೂಡಲೇ ನಿಮಗೆ ಯಾರು ನೆನಪಾದರು ಅಂತ ಗೊತ್ತು. ಅದು ಬೇರೆ ನಾಡು, ಬೇರೆ ಕಾಲ.)

ಇದರ ಬಗ್ಗೆ ಚೆನ್ನಾಗಿ ಬರೆದವನು ಶತ್ರು ಕಡೆಯವನು. ಗಿಯೋಮ್ ಗಿಯಾರ್ ಎಂಬ ಫ್ರೆಂಚ್ ಕವಿ ಸ್ವತಃ ಸೈನಿಕ. 1304ರಲ್ಲಿ ಫ್ಲಾಂಡರ್ಸ್ ಯುದ್ಧಕ್ಕೆ ಹೋಗಿ ಗಾಯ ಮಾಡಿಕೊಂಡು ಬಂದವನು. ಕಬ್ಬಿಣ ಹೊಡೆದ ಭಾರದ ಕೋಲು, ಮುಂದೆ ಉದ್ದ ಚೂಪು ಕಬ್ಬಿಣ, ಎರಡು ಕೈಯಲ್ಲಿ ಹಿಡಿದು ಹೊಡೆಯಲು ಮಾಡಿದ್ದು ಅಂತ ಅವನು ಪದ್ಯದಲ್ಲಿ ವರ್ಣಿಸಿದ್ದಾನೆ. ಆ ನಾಡಿನಲ್ಲಿ ಇದಕ್ಕೆ ‘ಶುಭದಿನ’ ಎಂಬ ಅರ್ಥದ ಹೆಸರಿದೆ ಎಂದೂ ಹೇಳಿದ್ದಾನೆ. ಅವನ ಮಾತಿನಲ್ಲಿ ನಮಗೆ ಬೇಕಾದ ಅಂಶ ಇನ್ನೊಂದು. ಬೀಸಿದ ಏಟು ತಪ್ಪಿದರೂ ಈ ಕೋಲು ಹಿಡಿದವನ ಕೈ ಖಾಲಿ ಆಗುವುದಿಲ್ಲ, ತಕ್ಷಣ ಮೊನೆಯಿಂದ ತಿವಿಯಬಹುದು. ಅಂದರೆ ಒಂದೇ ಆಯುಧಕ್ಕೆ ಎರಡು ಕೆಲಸ. ಹೊಡೆತ ತಿಂದವರ ಕಡೆಯವನ ಸಾಕ್ಷಿ ಇದು, ಹಾಗಾಗಿ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

ಇಷ್ಟು ಸ್ಪಷ್ಟ ವರ್ಣನೆ ಇದ್ದರೂ 19ನೇ ಶತಮಾನದಲ್ಲಿ ಕೆಲವು ಪಂಡಿತರು ಗುಡೆನ್‌ಡಾಗ್ ಎಂದರೆ ಕೋಲಿಗೆ ಕಟ್ಟಿದ ನೇಗಿಲ ಅಲಗಿನಂಥದ್ದು ಎಂದು ವಾದಿಸಿದರು. ರೈತನ ಆಯುಧ ಎಂದ ಮೇಲೆ ಹೊಲದ ಸಾಮಾನಿನಿಂದಲೇ ಬಂದಿರಬೇಕು ಎನ್ನುವ ಊಹೆ. ಚಿತ್ರಗಳು ಆ ಊಹೆಯನ್ನು ಕೆಡವಿದವು. ಗೆಂಟ್‌ನ ಲ್ಯೂಗೆಮೀಟೆ ಎಂಬ ಸಣ್ಣ ಪ್ರಾರ್ಥನಾಮಂದಿರದಲ್ಲಿ 1845ರಲ್ಲಿ ಸುಣ್ಣದ ಪದರದ ಕೆಳಗೆ ಹಳೆಯ ಗೋಡೆಚಿತ್ರಗಳು ಸಿಕ್ಕವು. ಊರಿನ ಕಸುಬಿನ ಸಂಘಗಳ ಪಡೆ ಸಾಲಾಗಿ ನಡೆಯುತ್ತಿದೆ, ಕೆಲವರ ಹೆಗಲ ಮೇಲೆ ಕ್ರಾಸ್‌ಬೋ (ಕೀಲು ಒತ್ತಿ ಬಾಣ ಬಿಡುವ ಅಡ್ಡಬಿಲ್ಲು), ಕೆಲವರ ಹೆಗಲ ಮೇಲೆ ಇದೇ ದಪ್ಪ ಕೋಲು. ಆ ಮಂದಿರವನ್ನು 1911ರಲ್ಲಿ ಕೆಡವಿಬಿಟ್ಟರು. ಪುಣ್ಯಕ್ಕೆ ಅಷ್ಟರಲ್ಲಿ ನಕಲು ತೆಗೆದಿದ್ದರು.

ಇನ್ನೊಂದು ಸಾಕ್ಷಿ ಇಂಗ್ಲೆಂಡಿನಲ್ಲಿದೆ. ಆಕ್ಸ್‌ಫರ್ಡ್‌ನ ನ್ಯೂ ಕಾಲೇಜಿನಲ್ಲಿ ಒಂದು ಹಳೆಯ ಓಕ್ ಮರದ ಪೆಟ್ಟಿಗೆ. ಅದರ ಮುಖದ ಹಲಗೆಯ ಮೇಲೆ 1302ರ ಘಟನೆಗಳನ್ನು ಒಂದರ ಪಕ್ಕ ಒಂದು ಕೆತ್ತಿದ್ದಾರೆ. 20ನೇ ಶತಮಾನದ ಶುರುವಿನಲ್ಲಿ ಕಾಲೇಜಿನ ಜಮೀನು ಮಾಡುತ್ತಿದ್ದ ಒಬ್ಬರ ತೋಟದ ಮನೆಯಲ್ಲಿ ಇದು ಕಣ್ಣಿಗೆ ಬಿದ್ದದ್ದು ಕಾಲೇಜಿನ ಮುಖ್ಯಸ್ಥ ವಿಲಿಯಂ ಸ್ಪೂನರ್‌ಗೆ. ಮಾತಿನ ಮೊದಲಕ್ಷರ ಅದಲುಬದಲು ಮಾಡಿ ನಗೆಪಾಟಲಾಗಿ ‘ಸ್ಪೂನರಿಸಂ’ಗೆ ಹೆಸರು ಕೊಟ್ಟ ಅದೇ ಸ್ಪೂನರ್! ಈ ಪೆಟ್ಟಿಗೆ ನಕಲಿ ಇರಬಹುದು ಎಂಬ ಅನುಮಾನವೂ ಎದ್ದಿತ್ತು. ಮರದ ಬೆಳವಣಿಗೆಯ ಉಂಗುರಗಳನ್ನು ಪರೀಕ್ಷಿಸಿದಾಗ ಮರ ಮಧ್ಯಯುಗದ್ದೇ ಎಂದು ಬಂತು. ಕೆತ್ತನೆಯಲ್ಲಿ ಈಟಿಯವರೂ ಕೋಲಿನವರೂ ಒಟ್ಟಿಗೆ ನಿಂತಿದ್ದಾರೆ. ಈ ‘ಒಟ್ಟಿಗೆ’ ಎನ್ನುವುದನ್ನು ನೆನಪಿಟ್ಟುಕೊಳ್ಳಿ.

ರೈತನ ಆಯುಧ ಎನ್ನುವ ಮಾತನ್ನೂ ಸ್ವಲ್ಪ ತಿದ್ದಬೇಕು. ಸಾಲಿನಲ್ಲಿ ರೈತರು ಇದ್ದರು. ಬ್ರೂಜ್ ಸುತ್ತಲಿನ ಗ್ರಾಮಾಂತರದಿಂದ, ಕರಾವಳಿಯಿಂದ ಬಂದ ಸ್ವತಂತ್ರ ರೈತರು. ಆದರೆ ಈ ಕೋಲನ್ನು ಮುಖ್ಯವಾಗಿ ಹಿಡಿದದ್ದು ಪಟ್ಟಣದ ಕಸುಬಿನ ಸಂಘಗಳು. ಸಿಕ್ಕಿದ ಬಡಿಗೆ ಎತ್ತಿಕೊಂಡು ಓಡಿಬಂದ ಗುಂಪಲ್ಲ ಅದು. ಯುದ್ಧಕ್ಕೆಂದೇ ಮಾಡಿಸಿದ ಆಯುಧ, ತಲೆಗೆ ಕಬ್ಬಿಣದ ಟೋಪಿ, ಮೈಗೆ ದಪ್ಪ ಹೊಲಿಗೆಯ ಅಂಗಿ, ಮೇಲೆ ಸಂಘದ ಬಣ್ಣ. ಪಕ್ಕದಲ್ಲಿ ನಿಂತವನು ದಿನಾ ಪಕ್ಕದ ಮಗ್ಗದಲ್ಲಿ ಕೂರುವವನು. ಓಡಿಹೋದರೆ ನಾಳೆ ಅವನ ಮುಖ ನೋಡಬೇಕು ಅಲ್ವಾ.

ಎದುರಿನ ಕವಚ

ಸಿನಿಮಾಗಳಲ್ಲಿ ನೈಟ್ ಎಂದರೆ ತಲೆಯಿಂದ ಕಾಲಿನವರೆಗೆ ಹೊಳೆಯುವ ತಗಡು. ಆ ರೀತಿಯ ಪೂರ್ತಿ ತಗಡಿನ ಕವಚ ಬಂದದ್ದು ಸುಮಾರು ನೂರು ವರ್ಷ ಆಮೇಲೆ. 1302ರ ನೈಟ್ ಮೈಮೇಲಿದ್ದದ್ದು ಹೆಚ್ಚಾಗಿ ಉಂಗುರ ಕವಚ, ಅಂದರೆ ಸಾವಿರಾರು ಸಣ್ಣ ಕಬ್ಬಿಣದ ಉಂಗುರಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಮಾಡಿದ ಅಂಗಿ. ಒಳಗೆ ದಪ್ಪ ಬಟ್ಟೆಯ ಮೆತ್ತೆ. ತಲೆಗೆ ಭಾರೀ ಶಿರಸ್ತ್ರಾಣ. ಮೊಣಕಾಲಿನಂಥ ಕಡೆ ಅಲ್ಲಲ್ಲಿ ತಗಡು.

ಈ ಕವಚ ಕತ್ತಿಯ ಸೀಳುವ ಏಟಿಗೆ ಚೆನ್ನಾಗಿ ತಡೆ ಕೊಡುತ್ತದೆ. ಅಲಗು ಉಂಗುರಗಳ ಮೇಲೆ ಜಾರಿ ಹೋಗುತ್ತದೆ. ಆದರೆ ಅದಕ್ಕೆ ಎರಡು ಕಷ್ಟ. ಉಂಗುರದ ಬಟ್ಟೆ ಮೆತ್ತಗೆ ಬಾಗುತ್ತದೆ, ಹಾಗಾಗಿ ಭಾರದ ಏಟಿನ ಪೆಟ್ಟು ನೇರ ಮೂಳೆಗೆ ಇಳಿಯುತ್ತದೆ. ಎರಡನೆಯದು, ಕಿರಿದಾದ ಗಟ್ಟಿ ಮೊನೆಯನ್ನು ಪೂರ್ತಿ ಬಲ ಹಾಕಿ ಒತ್ತಿದರೆ ಒಂದು ಉಂಗುರ ಬಿಚ್ಚಿಕೊಂಡರೂ ದಾರಿ ಆಗುತ್ತದೆ. ಗುಡೆನ್‌ಡಾಗ್‌ನ ದಪ್ಪ ತಲೆ ಮೊದಲ ಕೆಲಸಕ್ಕೆ, ಮೊಳೆ ಎರಡನೆಯದಕ್ಕೆ.

ಜಾಣತನದ ಆಯುಧ. ಆದರೆ ಒಂದು ದೊಡ್ಡ ಕೊರತೆ ಇದೆ. ಇದು ಗಿಡ್ಡ. ಈಟಿ ಚಾಚಿ ಜೋರಾಗಿ ಬರುವ ಸವಾರನ ಎದುರು ಈ ಕೋಲು ಹಿಡಿದು ಒಬ್ಬನೇ ನಿಂತರೆ ಕೋಲು ಎತ್ತುವ ಮೊದಲೇ ಕಥೆ ಮುಗಿದಿರುತ್ತದೆ. ಕುದುರೆ ನಿಂತ ಮೇಲೆ ಮಾತ್ರ ಇದಕ್ಕೆ ಬೆಲೆ. ಹಾಗಾದರೆ ಕುದುರೆಯನ್ನು ನಿಲ್ಲಿಸಿದ್ದು ಯಾರು?

ಜಾಗ ಆರಿಸಿದ್ದು

ಜೂನ್ ಕೊನೆಯಿಂದ ಫ್ಲಾಂಡರ್ಸ್ ಪಡೆ ಕೋರ್ಟ್ರೈಕ್‌ನಲ್ಲಿ ಬೀಡುಬಿಟ್ಟಿತ್ತು. ಊರು ಅವರ ಕೈಯಲ್ಲಿ, ಒಳಗಿನ ಕೋಟೆ ಮಾತ್ರ ಫ್ರೆಂಚರ ಕೈಯಲ್ಲಿ. ನಾಯಕರು ಇಬ್ಬರು ರಾಜಮನೆತನದ ಹುಡುಗರು. ಒಬ್ಬ ಸೆರೆಯಲ್ಲಿದ್ದ ಕೌಂಟ್‌ನ ಮಗ ನಾಮೂರ್‌ನ ಗೀ, ಇನ್ನೊಬ್ಬ ಮೊಮ್ಮಗ ಯೂಲಿಕ್‌ನ ವಿಲ್ಲೆಮ್. ವಿಲ್ಲೆಮ್ ಚರ್ಚ್ ಸೇವೆಯಲ್ಲಿದ್ದವನು, ಅಂಗಿ ಬಿಟ್ಟು ಕವಚ ತೊಟ್ಟು ಬಂದಿದ್ದ. ಯುದ್ಧದ ಅನುಭವ ಜಾಸ್ತಿ ಇದ್ದವನು ಝೀಲ್ಯಾಂಡ್‌ನ ಯಾನ್ ವಾನ್ ರೆನೆಸ್ಸೆ.

ಜುಲೈ 8ಕ್ಕೆ ಆರ್ತ್ವಾದ ರಾಬರ್ಟ್ ಬಂದ. ಎರಡು ದಿನ ಊರ ಬಾಗಿಲುಗಳನ್ನು ಬಡಿದು ನೋಡಿದ, ಆಗಲಿಲ್ಲ. ಹಾಗಾಗಿ 11ರಂದು ಬಯಲಿನಲ್ಲೇ ಮುಖಾಮುಖಿ. ಇತಿಹಾಸಕಾರರ ಅಂದಾಜಿನಲ್ಲಿ ಫ್ರೆಂಚರ ಕಡೆ ಸುಮಾರು 2,500 ಸವಾರರು, ಜೊತೆಗೆ ಕ್ರಾಸ್‌ಬೋದವರು, ಬೇರೆ ಕಾಲಾಳುಗಳು. ಫ್ಲಾಂಡರ್ಸ್ ಕಡೆ 8ರಿಂದ 10 ಸಾವಿರ, ಬಹುತೇಕ ಎಲ್ಲರೂ ಕಾಲಾಳುಗಳು. ತಲೆ ಎಣಿಸಿದರೆ ಫ್ಲಾಂಡರ್ಸ್ ಕಡೆ ಕಮ್ಮಿ ಏನಿರಲಿಲ್ಲ. ಆದರೆ ಆ ಕಾಲದ ಲೆಕ್ಕದಲ್ಲಿ ಒಬ್ಬ ಕವಚದ ಸವಾರ ಎಂದರೆ ಹಲವು ಕಾಲಾಳುಗಳಿಗೆ ಸಮ.

ಜಾಗ ನೋಡಿ. ಫ್ಲಾಂಡರ್ಸ್ ಸಾಲಿನ ಮುಂದೆ ಎರಡು ತೊರೆಗಳು, ಗ್ರೂನಿಂಗೆ ತೊರೆ ಮತ್ತು ದೊಡ್ಡ ತೊರೆ. ನೆಲ ಒದ್ದೆ, ಮೆತ್ತಗೆ. ಬೆನ್ನಿಗೆ ಲೇಯೆ ನದಿ. ಒಂದು ಪಕ್ಕಕ್ಕೆ ಊರ ಗೋಡೆ. ಸವಾರರು ಸುತ್ತಿ ಬಳಸಿ ಬರುವ ಹಾಗಿಲ್ಲ, ನೇರ ಎದುರಿನಿಂದಲೇ ಬರಬೇಕು, ತೊರೆ ದಾಟಿಯೇ ಬರಬೇಕು. ಇದರ ಇನ್ನೊಂದು ಮುಖ ಏನೆಂದರೆ, ಸಾಲು ಮುರಿದರೆ ಇವರಿಗೂ ಓಡಲು ಜಾಗ ಇಲ್ಲ. ನದಿಗೆ ಬೀಳಬೇಕು.

ನಾಯಕರು ತಮ್ಮ ಕುದುರೆಗಳನ್ನು ಹಿಂದಕ್ಕೆ ಕಳಿಸಿ ಸಾಲಿನಲ್ಲಿ ಕಾಲಾಳುಗಳ ಜೊತೆ ನಿಂತರು. ಇದು ಸಣ್ಣ ವಿಷಯ ಅನ್ನಿಸಬಹುದು. ಸೋಲು ಬಂದರೆ ಕುದುರೆ ಇದ್ದವನು ತಪ್ಪಿಸಿಕೊಳ್ಳುತ್ತಾನೆ, ಕೋಲು ಹಿಡಿದವನು ಸಾಯುತ್ತಾನೆ. ಅದು ಎಲ್ಲರಿಗೂ ಗೊತ್ತಿದ್ದ ಸತ್ಯ. ಆ ಅನುಮಾನವನ್ನು ಅವರು ಅಲ್ಲೇ ಮುಗಿಸಿದರು. ಕಾಳಗಕ್ಕೆ ಮೊದಲು ಪೀಟರ್ ದ ಕೋನಿಂಕ್‌ನಂಥ ನೇಕಾರನಿಗೆ ನೈಟ್ ಪದವಿಯನ್ನೂ ಕೊಟ್ಟರು. ಪಾದ್ರಿ ಪ್ರಾರ್ಥನೆ ಮಾಡಿಸಿದ ಮೇಲೆ ಸೈನಿಕರು ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡರು ಎಂದು ಆ ಕಾಲದವರು ಬರೆದಿದ್ದಾರೆ.

ಇನ್ನು ಎರಡು ಆಜ್ಞೆ. ಮುಗಿಯುವವರೆಗೆ ಯಾರೂ ಲೂಟಿಗೆ ಇಳಿಯಬಾರದು. ಯಾರನ್ನೂ ಸೆರೆ ಹಿಡಿಯಬಾರದು. ಇಳಿದವನನ್ನು, ಹಿಡಿದವನನ್ನು ಪಕ್ಕದವನೇ ಕೊಲ್ಲಬೇಕು. ಎರಡನೆಯ ಆಜ್ಞೆಯ ಹಿಂದಿನ ಲೆಕ್ಕ ಗೊತ್ತಾಗಬೇಕಾದರೆ ಆ ಕಾಲದ ಪದ್ಧತಿ ತಿಳಿದಿರಬೇಕು. ನೈಟ್ ಸೋತರೆ ಶರಣಾಗುತ್ತಿದ್ದ, ಮನೆಯವರು ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ಒಬ್ಬ ದೊಡ್ಡ ಮನುಷ್ಯನನ್ನು ಹಿಡಿದರೆ ಜೀವನಪೂರ್ತಿ ಕೂತು ತಿನ್ನಬಹುದು. ಆ ಆಸೆಗೆ ಸಾಲಿನಿಂದ ಹತ್ತು ಜನ ಹೊರಬಂದರೆ ಸಾಲು ಮುಗಿಯಿತು. ಹಾಗಾಗಿ ಆಸೆಯನ್ನೇ ಕತ್ತರಿಸಿದರು. ಕ್ರೂರ ಆಜ್ಞೆ ನಿಜ. ಸತ್ತವರ ಪಟ್ಟಿಯಲ್ಲಿ ಅಷ್ಟೊಂದು ದೊಡ್ಡ ಹೆಸರುಗಳು ಇರುವುದಕ್ಕೆ ಕೋಲಿಗಿಂತ ಈ ಆಜ್ಞೆಯೇ ಕಾರಣ ಎಂದು ನಾನು ಹೇಳುತ್ತೇನೆ.

ಆ ಮಧ್ಯಾಹ್ನ

ಫ್ರೆಂಚ್ ನಾಯಕರ ಸಭೆಯಲ್ಲಿ ಒಮ್ಮತ ಇರಲಿಲ್ಲ. ತೊರೆ ದಾಟುವುದು ಅಪಾಯ ಎಂದು ರಾವುಲ್ ದ ನೆಲ್ ಹೇಳಿದ. ಬಿಸಿಲಲ್ಲಿ ನಿಂತು ನಿಂತು ಅವರೇ ಸುಸ್ತಾಗಲಿ, ಕಾಯೋಣ ಎಂಬ ಸಲಹೆಯೂ ಬಂತು. ಒಳ್ಳೆಯ ಸಲಹೆ. ಆರ್ತ್ವಾ ಕೇಳಲಿಲ್ಲ.

ಮೊದಲು ಕ್ರಾಸ್‌ಬೋದವರು ಮುಂದೆ ಬಂದರು. ಬಾಣಗಳ ಮಳೆಯಲ್ಲಿ ಫ್ಲಾಂಡರ್ಸ್‌ನ ಬಿಲ್ಲಾಳುಗಳು ಹಿಂದೆ ಸರಿದರು. ಫ್ರೆಂಚ್ ಕಾಲಾಳುಗಳು ತೊರೆಯ ಹತ್ತಿರ ಬಂದರು. ಇನ್ನು ಸ್ವಲ್ಪ ಹೊತ್ತು ಅವರನ್ನು ಬಿಟ್ಟಿದ್ದರೆ ಏನಾಗುತ್ತಿತ್ತು ಎನ್ನುವುದು ಇವತ್ತಿಗೂ ಚರ್ಚೆಯ ವಿಷಯ. ಆದರೆ ಆರ್ತ್ವಾ ಕಾಲಾಳುಗಳಿಗೆ ಹಿಂದೆ ಸರಿಯಲು ಹೇಳಿ ಸವಾರರನ್ನು ಬಿಟ್ಟ. ಗೆಲುವಿನ ಹೆಸರು ಕಾಲಾಳುಗಳಿಗೆ ಹೋಗಬಾರದು ಎಂಬ ಜಂಬವೋ, ತೊರೆಯ ಆಚೆ ಅವರು ಸಿಕ್ಕಿಬೀಳುತ್ತಾರೆ ಎಂಬ ಭಯವೋ, ಎರಡೂ ಇರಬಹುದು. ಹಿಂದೆ ಬರುತ್ತಿದ್ದ ಕಾಲಾಳುಗಳಲ್ಲಿ ಕೆಲವರು ಸ್ವಂತ ಕಡೆಯ ಕುದುರೆಗಳ ಕಾಲಿಗೇ ಸಿಕ್ಕರು.

ಸವಾರರು ತೊರೆ ದಾಟಿದರು. ಕೆಲವು ಕುದುರೆಗಳು ಎಡವಿದವು, ಕೆಲವು ಬಿದ್ದವು. ಆದರೆ ಬಹಳಷ್ಟು ಜನ ಈಚೆ ದಡಕ್ಕೆ ಬಂದರು ಎನ್ನುವುದು ಮುಖ್ಯ. ಕಂದಕದಲ್ಲೇ ಎಲ್ಲ ಮುಗಿಯಿತು ಎಂಬ ಕಥೆ ಇಲ್ಲಿ ನಿಲ್ಲುವುದಿಲ್ಲ. ತೊರೆಗಳು ಮಾಡಿದ ಹಾನಿ ಬೇರೆ. ದಡದಿಂದ ಸಾಲಿನವರೆಗೆ ಉಳಿದ ಜಾಗದಲ್ಲಿ ಕುದುರೆಗಳನ್ನು ಮತ್ತೆ ಸಾಲು ಮಾಡಿ, ಪೂರ್ತಿ ವೇಗಕ್ಕೆ ತರುವುದು ಕಷ್ಟ ಆಯಿತು.

ಎದುರಿಗೆ ಈಟಿಗಳ ಸಾಲು. ಈಟಿಯ ಬುಡವನ್ನು ನೆಲಕ್ಕೆ ಊರಿ, ಮೊನೆಯನ್ನು ಕುದುರೆಯ ಎದೆಗೆ ಹಿಡಿದು ನಿಂತವರು. ಅವರ ಜೊತೆಜೊತೆಗೆ ಗುಡೆನ್‌ಡಾಗ್ ಎತ್ತಿ ನಿಂತವರು. ಹಿಂದೆ ಹಲವು ಸಾಲು ಜನ.

ಕುದುರೆ ದಾಳಿಯ ಗುಟ್ಟು ಭಯದಲ್ಲಿದೆ. ನೆಲ ಅದುರುತ್ತದೆ, ಸದ್ದು ಹತ್ತಿರ ಹತ್ತಿರ ಬರುತ್ತದೆ, ಸಾಲಿನಲ್ಲಿ ಒಬ್ಬ ಹಿಂದೆ ತಿರುಗುತ್ತಾನೆ, ಅವನನ್ನು ನೋಡಿ ನಾಲ್ವರು, ಆಮೇಲೆ ಎಲ್ಲರೂ. ಸವಾರ ಓಡುವವರ ಬೆನ್ನಿಗೆ ಹೊಡೆಯುತ್ತಾನೆ. ಯಾರೂ ಓಡದೆ ಇದ್ದರೆ? ಒತ್ತಾಗಿ ನಿಂತ ಮನುಷ್ಯರ ಮೇಲೆ, ಈಟಿಗಳ ಮೇಲೆ ಸುಮ್ನೆ ಹೋಗಿ ಬೀಳುವ ಪ್ರಾಣಿ ಅಲ್ಲ ಕುದುರೆ. ತಡವರಿಸುತ್ತದೆ, ಅಡ್ಡ ತಿರುಗುತ್ತದೆ, ಇಲ್ಲವೇ ಈಟಿಗೆ ಸಿಗುತ್ತದೆ.

ಕೋಲಿನ ಕೆಲಸ ಶುರುವಾಗುವುದು ಇಲ್ಲಿಂದ. ನಿಂತ ಕುದುರೆಯ ಮೇಲೆ ಕೂತ ನೈಟ್‌ನ ಉದ್ದ ಈಟಿ ಹತ್ತಿರದವನಿಗೆ ತಾಗುವುದಿಲ್ಲ. ಅವನು ಕತ್ತಿ ಎಳೆಯಬೇಕು. ಅಷ್ಟರಲ್ಲಿ ಗುಡೆನ್‌ಡಾಗ್ ಕುದುರೆಯ ತಲೆಗೆ ಬಿದ್ದಿರುತ್ತದೆ. ಕುದುರೆಯನ್ನೂ ಸವಾರನನ್ನೂ ಹೊಡೆಯಿರಿ ಎನ್ನುವುದೇ ನಾಯಕರ ಸೂಚನೆಯಾಗಿತ್ತು. ಇದು ಕುಲೀನರ ಯುದ್ಧದ ಮರ್ಯಾದೆಗೆ ಹೊರಗಿನ ಮಾತು. ಒಳ್ಳೆಯ ಯುದ್ಧದ ಕುದುರೆ ಎಂದರೆ ಆಸ್ತಿ, ಅದನ್ನು ಕೊಲ್ಲುವುದಲ್ಲ, ಗೆಲ್ಲುವುದು. ನೇಕಾರನಿಗೆ ಆ ಮರ್ಯಾದೆಯ ಹಂಗು ಇರಲಿಲ್ಲ. ನೆಲಕ್ಕೆ ಬಿದ್ದ ನೈಟ್ ಭಾರದ ಶಿರಸ್ತ್ರಾಣದ ಸಣ್ಣ ಸೀಳಿನಿಂದ ನೋಡುತ್ತಾ ಏಳುವಷ್ಟರಲ್ಲಿ ಮೂರು ನಾಲ್ಕು ಜನ ಮೇಲೆ ನಿಂತಿರುತ್ತಾರೆ.

ಎಲ್ಲ ಕಡೆ ಹೀಗೇ ಆಯಿತು ಅಂದುಕೊಳ್ಳಬೇಡಿ. ಸಾಲಿನ ನಡುಭಾಗದಲ್ಲಿ ಇದ್ದವರು ಗ್ರಾಮಾಂತರದ ಜನ, ಅಂದರೆ ನಿಜವಾದ ರೈತರು. ಅಲ್ಲಿ ಸವಾರರು ಒಳನುಗ್ಗಿದರು. ಸಾಲು ಬಾಗಿತು, ಒಂದು ಕಡೆ ತೂತು ಬಿತ್ತು, ಕೆಲವರು ಓಡತೊಡಗಿದರು. ಕೋಲು ಅವರ ಕೈಯಲ್ಲೂ ಇತ್ತು, ಆದರೂ ಹೀಗಾಯಿತು. ಆಗ ಹಿಂದೆ ಕಾದಿರಿಸಿದ್ದ ಪಡೆಯನ್ನು ಯಾನ್ ವಾನ್ ರೆನೆಸ್ಸೆ ಆ ತೂತಿಗೆ ತುಂಬಿದ. ಓಡುತ್ತಿದ್ದವರು ತಿರುಗಿದರು. ಒಳಬಂದ ಸವಾರರು ನಾಲ್ಕೂ ಕಡೆಯಿಂದ ಸಿಕ್ಕಿಬಿದ್ದರು. ಇಡೀ ದಿನದಲ್ಲಿ ಕಾಳಗದ ದಿಕ್ಕು ತಿರುಗಿದ ಕ್ಷಣ ಯಾವುದು ಎಂದರೆ ನಾನು ಇದನ್ನೇ ತೋರಿಸುತ್ತೇನೆ. ಅದೇ ಹೊತ್ತಿಗೆ ಕೋಟೆಯೊಳಗಿನ ಫ್ರೆಂಚರು ಹಿಂದಿನಿಂದ ಹೊರಬಂದು ಹೊಡೆಯಲು ನೋಡಿದರು. ಅದಕ್ಕೆಂದೇ ನಿಲ್ಲಿಸಿದ್ದ ಈಪ್ರೆ ಊರಿನವರು ಅವರನ್ನು ತಡೆದು ವಾಪಸ್ ಅಟ್ಟಿದರು.

ಆಮೇಲೆ ಫ್ಲಾಂಡರ್ಸ್ ಸಾಲು ಮುಂದಕ್ಕೆ ಹೆಜ್ಜೆ ಹಾಕಿತು. ತೊರೆಗಳು ತಮ್ಮ ನಿಜವಾದ ಕೆಲಸ ಮಾಡಿದ್ದು ಈಗ. ಬರುವಾಗ ದಾಟಿದ ನೀರನ್ನು ಹಿಂದೆ ಹೋಗುವಾಗ, ಬೆನ್ನ ಹಿಂದೆ ಕೋಲುಗಳು ಇರುವಾಗ ದಾಟಲು ಆಗಲಿಲ್ಲ. ಆರ್ತ್ವಾ ಸ್ವತಃ ಉಳಿದವರನ್ನು ಕಟ್ಟಿಕೊಂಡು ನುಗ್ಗಿದ, ಸಾಲಿನ ಒಳಗೂ ಬಂದ. ವಿಲ್ಲೆಮ್ ವಾನ್ ಸಾಫ್ಟಿಂಗೆ ಎಂಬ ಮಠದ ಸೇವಕ ಅವನನ್ನು ಕುದುರೆಯಿಂದ ಕೆಡವಿದ ಎಂದು ಕಥೆ ಹೇಳುತ್ತದೆ. ಆರ್ತ್ವಾ ಶರಣಾಗುತ್ತೇನೆ ಎಂದಾಗ ‘ನಮಗೆ ಫ್ರೆಂಚ್ ಬರುವುದಿಲ್ಲ’ ಎಂದರಂತೆ. ಈ ಉತ್ತರ ನಿಜವೋ ಆಮೇಲೆ ಸೇರಿಸಿದ್ದೋ, ಆಜ್ಞೆಯ ಧಾಟಿಗಂತೂ ಸರಿಯಾಗಿ ಹೊಂದುತ್ತದೆ.

ಹಿಂದೆ ನಿಂತಿದ್ದ ಫ್ರೆಂಚ್ ದಳ ಇದನ್ನೆಲ್ಲ ನೋಡಿ ಕಾಲಿಗೆ ಬುದ್ಧಿ ಹೇಳಿತು. ಫ್ಲಾಂಡರ್ಸ್‌ನವರು ಹಲವು ಮೈಲಿ ಬೆನ್ನಟ್ಟಿದರು. ಹೆಣಗಳ ಕಾಲಿನಿಂದ ಬಿಚ್ಚಿದ ಚಿನ್ನದ ಲೇಪದ ಮುಳ್ಳುಗಳನ್ನು (ಕುದುರೆಯನ್ನು ತಿವಿದು ಓಡಿಸಲು ಸವಾರ ಹಿಮ್ಮಡಿಗೆ ಕಟ್ಟುವಂಥವು), ವಾಡಿಕೆಯ ಲೆಕ್ಕದಲ್ಲಿ 500 ಜೋಡಿ, ಕೋರ್ಟ್ರೈಕ್‌ನ ಮೇರಿ ಮಾತೆಯ ಚರ್ಚಿನಲ್ಲಿ ತೂಗುಹಾಕಿದರು. ಹಾಗಾಗಿ ಇದಕ್ಕೆ ‘ಚಿನ್ನದ ಮುಳ್ಳುಗಳ ಕಾಳಗ’ ಎಂಬ ಹೆಸರು. ಜುಲೈ 11 ಈಗಲೂ ಬೆಲ್ಜಿಯಂನ ಫ್ಲೆಮಿಶ್ ಸಮುದಾಯದ ಅಧಿಕೃತ ಹಬ್ಬ.

ಕೋಲಿನ ಪಾಲು

ಮೊದಲಿನ ಪ್ರಶ್ನೆಗೆ ಬರೋಣ. ತೊರೆಗಳು ವೇಗ ಕಡಿಮೆ ಮಾಡಿದವು. ಈಟಿಗಳು ಕುದುರೆಯನ್ನು ನಿಲ್ಲಿಸಿದವು. ಓಡದೆ ನಿಂತದ್ದು ಸಂಘಗಳ ಒಗ್ಗಟ್ಟು. ತೂತು ಮುಚ್ಚಿದ್ದು ಕಾದಿರಿಸಿದ ಪಡೆ. ಇಷ್ಟೆಲ್ಲ ಆದ ಮೇಲೆ, ನಿಂತ ಸವಾರನನ್ನು ಬೇಗ ಮುಗಿಸಿದ್ದು ಗುಡೆನ್‌ಡಾಗ್. ಬೇಗ ಎನ್ನುವುದು ಇಲ್ಲಿ ಸಣ್ಣ ಮಾತಲ್ಲ. ಬರೀ ಈಟಿ ಇದ್ದಿದ್ದರೆ ಮೊದಲ ದಾಳಿ ತಡೆಯಬಹುದಿತ್ತು, ಸವಾರರು ಹಿಂದೆ ಹೋಗಿ ಮತ್ತೆ ಬರುತ್ತಿದ್ದರು. 1298ರಲ್ಲಿ ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿ ವಿಲಿಯಂ ವಾಲೇಸ್‌ನ ಈಟಿ ಪಡೆ ಸವಾರರನ್ನು ತಡೆಯಿತು, ಆಮೇಲೆ ನಿಂತಲ್ಲೇ ಬಾಣಗಳಿಗೆ ಸಿಕ್ಕಿ ಸತ್ತಿತು. ಕೋರ್ಟ್ರೈಕ್‌ನಲ್ಲಿ ಬಂದ ಸವಾರರು ವಾಪಸ್ ಹೋಗಲೇ ಇಲ್ಲ.

ಆದರೆ ಈ ಎಲ್ಲ ಕೊಂಡಿಗಳಲ್ಲಿ ಒಂದನ್ನು ತೆಗೆದರೆ ಏನಾಗುತ್ತದೆ? ಅದಕ್ಕೆ ಉತ್ತರ ಊಹಿಸಬೇಕಾಗಿಲ್ಲ, ಮುಂದಿನ ಕಾಳಗಗಳಲ್ಲೇ ಇದೆ.

ಎರಡು ವರ್ಷ ಕಳೆದು, 1304ರ ಆಗಸ್ಟ್ 18ಕ್ಕೆ, ಮೋನ್ಸ್-ಆಂ-ಪೆವೆಲ್‌ನಲ್ಲಿ ಅದೇ ಜನ, ಅದೇ ಕೋಲು. ಈ ಸಲ ಫಿಲಿಪ್ ದೊರೆ ತಾನೇ ಬಂದಿದ್ದ. ಫ್ರೆಂಚರು ಪಾಠ ಕಲಿತಿದ್ದರು. ಗಟ್ಟಿ ಸಾಲಿನ ಮೇಲೆ ನೇರ ಬೀಳಲಿಲ್ಲ. ಹತ್ತಿರ ಬಂದು ಹೆದರಿಸಿ, ಸುತ್ತ ಬಳಸಿ, ಸುಡು ಬಿಸಿಲಿನಲ್ಲಿ ಇಡೀ ದಿನ ನಿಲ್ಲಿಸಿದರು. ನೀರಿಲ್ಲ. ಸಂಜೆ ಹೊತ್ತಿಗೆ ಫ್ಲಾಂಡರ್ಸ್‌ನವರು ತಾಳ್ಮೆ ಕಳೆದುಕೊಂಡು ತಾವೇ ನುಗ್ಗಿದರು. ದೊರೆಯ ಹತ್ತಿರದವರೆಗೂ ಹೋದರು, ಅವನ ಕುದುರೆಯನ್ನೂ ಕೊಂದರು. ಆದರೆ ನುಗ್ಗುವಾಗ ಸಾಲು ಬಿಚ್ಚಿಹೋಯಿತು. ಕೊನೆಗೆ ಬಯಲು ಫ್ರೆಂಚರ ಕೈಗೆ ಉಳಿಯಿತು. ಯೂಲಿಕ್‌ನ ವಿಲ್ಲೆಮ್ ಅಲ್ಲೇ ಸತ್ತ. 1305ರ ಆತಿಸ್ ಒಪ್ಪಂದದಲ್ಲಿ ಫ್ಲಾಂಡರ್ಸ್ ಭಾರೀ ದಂಡ ಕಟ್ಟಲು ಒಪ್ಪಬೇಕಾಯಿತು.

1328ರ ಕಾಸೆಲ್ ಇನ್ನೂ ಘೋರ. ಈ ಸಲ ಹೋರಾಡಿದವರು ನಿಜವಾಗಿ ಕರಾವಳಿಯ ರೈತರು, ನಾಯಕ ನಿಕೊಲಾಸ್ ಝಾನೆಕಿನ್. ಗುಡ್ಡದ ಮೇಲೆ ಒಳ್ಳೆಯ ಜಾಗದಲ್ಲಿ ಇದ್ದರು. ಅದನ್ನು ಬಿಟ್ಟು ಆಗಸ್ಟ್ 23ರಂದು ಕೆಳಗಿನ ಫ್ರೆಂಚ್ ಶಿಬಿರದ ಮೇಲೆ ಹಠಾತ್ ದಾಳಿ ಮಾಡಿದರು. ಮೊದಲಿಗೆ ಗಲಿಬಿಲಿ ಆಯಿತು, ಆಮೇಲೆ ಸವಾರರು ಸುತ್ತುಗಟ್ಟಿದರು. ಬಯಲಲ್ಲಿ ನಾಲ್ಕೂ ಕಡೆಯಿಂದ ಸಿಕ್ಕಿಬಿದ್ದ ಕಾಲಾಳುಗಳಿಗೆ ಉಳಿಗಾಲ ಇಲ್ಲ. ಸತ್ತವರ ಜಮೀನು ಮುಟ್ಟುಗೋಲು ಹಾಕಲು ದೊರೆಯ ಅಧಿಕಾರಿಗಳು ಪಟ್ಟಿ ಮಾಡಿದರು. ಅದರಲ್ಲಿ 3 ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ. ಮಧ್ಯಯುಗದ ಕಾಳಗಗಳಲ್ಲಿ ಸತ್ತ ರೈತರ ಹೆಸರು ಸಿಗುವುದೇ ಅಪರೂಪ, ಇಲ್ಲಿ ಸಿಕ್ಕಿದ್ದು ತೆರಿಗೆಯವರ ದಯೆಯಿಂದ.

ಕೋರ್ಟ್ರೈಕ್‌ನ ಪಾಠ ಬೇರೆ ಕಡೆ ಬೇಗ ಹೋಯಿತು. 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಸ್ಕಾಟರು ಕಾಲ್ನಡಿಗೆಯಲ್ಲೇ ನಿಂತು ಇಂಗ್ಲಿಷ್ ಸವಾರರನ್ನು ಸೋಲಿಸಿದಾಗ, ಫ್ಲಾಂಡರ್ಸ್‌ನವರನ್ನು ನೋಡಿ ಕಲಿತರು ಎಂದು ಒಬ್ಬ ಇಂಗ್ಲಿಷ್ ನೈಟ್ ಬರೆದಿಟ್ಟಿದ್ದಾನೆ. ಸ್ಕಾಟರು ಕಲಿತದ್ದು ಜಾಗ ಆರಿಸುವುದು, ಒತ್ತಾಗಿ ನಿಲ್ಲುವುದು. ಕೋಲನ್ನು ಅವರು ತೆಗೆದುಕೊಳ್ಳಲಿಲ್ಲ, ಈಟಿಯಲ್ಲೇ ಕೆಲಸ ಮುಗಿಸಿದರು.

1382ರ ನವೆಂಬರ್ 27ರಂದು ವೆಸ್ಟ್‌ರೋಜ್‌ಬೇಕೆಯಲ್ಲಿ ಗೆಂಟ್‌ನ ಫಿಲಿಪ್ ವಾನ್ ಆರ್ಟವೆಲ್ಡೆಯ ಪಡೆ ಒಂದೇ ಒತ್ತಾದ ಮುದ್ದೆಯಾಗಿ ಮುಂದೆ ಬಂತು. ಎಂಬತ್ತು ವರ್ಷದಲ್ಲಿ ಎದುರಿನವರು ಬದಲಾಗಿದ್ದರು. ಮೈಮೇಲೆ ಉಂಗುರಗಳ ಜಾಗಕ್ಕೆ ಒಂದೊಂದಾಗಿ ತಗಡುಗಳು ಬಂದಿದ್ದವು. ಮೊಳೆಯ ಮೊನೆ ತಗಡಿನ ಮೇಲೆ ಜಾರುತ್ತದೆ. ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದು. ನಡುವಿನ ಫ್ರೆಂಚ್ ನೈಟ್‌ಗಳು ಕುದುರೆ ಇಳಿದು ಕಾಲಾಳುಗಳಾಗಿ ನಿಂತಿದ್ದರು. ನಿಲ್ಲಿಸಲು ಕುದುರೆಯೇ ಇರಲಿಲ್ಲ. ಅವರು ಎದುರಿನಿಂದ ತಡೆದರು, ಎರಡು ಪಕ್ಕದಿಂದ ಸವಾರರು ಬಂದು ಒತ್ತಿದರು. ಕೋಲು ಎತ್ತಲೂ ಜಾಗ ಸಿಗದಷ್ಟು ಇಕ್ಕಟ್ಟಿನಲ್ಲಿ ಬಹಳ ಜನ ಉಸಿರುಗಟ್ಟಿಯೇ ಸತ್ತರು, ಆರ್ಟವೆಲ್ಡೆ ಕೂಡ ಸತ್ತ. ಗೆದ್ದವರು ಕೋರ್ಟ್ರೈಕ್‌ಗೆ ಬಂದು ಊರನ್ನು ಸುಟ್ಟರು. ಚರ್ಚಿನಲ್ಲಿದ್ದ ಮುಳ್ಳುಗಳನ್ನು ಇಳಿಸಿಕೊಂಡು ಹೋದರು. ಈಗ ಅಲ್ಲಿ ತೂಗುತ್ತಿರುವವು ನಕಲು.